ದೋಣಿಗೆ ಎಣ್ಣೆಯೋ, ಮೇಣವೋ?



ಹೊಳೆಯ ಈಚೆ ದಡದಲ್ಲಿ ಮನೆ, ಆಚೆ ದಡದಲ್ಲಿ ಗದ್ದೆ ಇರುವವರಿಗೂ, ಕುದ್ರುಗಳಲ್ಲಿ ವಾಸವಾಗಿರುವವರಿಗೂ ದೋಣಿಯೆಂದರೆ ಎತ್ತಿನ ಗಾಡಿ ಇದ್ದಂತೆ. ಗೊಬ್ಬರ ಹೋಗುವುದು ಅದರಲ್ಲಿ. ಭತ್ತ, ತೆಂಗಿನಕಾಯಿ ಬರುವುದು ಅದರಲ್ಲಿ. ಶಾಲೆಗೆ ಹೋಗುವ ಮಕ್ಕಳೂ ಆಸ್ಪತ್ರೆಗೆ ಹೊರಟ ಬಸುರಿಯೂ ಅದರಲ್ಲಿಯೇ ದಾಟಬೇಕು. ಗಾಡಿಯ ಅಚ್ಚು ಮುರಿದರೆ ಗಾಡಿ ದಾರಿಯಲ್ಲಿ ನಿಂತೀತು, ಅಷ್ಟೆ. ದೋಣಿಯ ಹಲಗೆ ಕೈಕೊಟ್ಟರೆ ನಡುಹೊಳೆಯಲ್ಲಿ ನಿಲ್ಲಲು ನೆಲವಿಲ್ಲ.

ಆದುದರಿಂದ ದೋಣಿಗೆ ಏನನ್ನು ಬಳಿಯಬೇಕೆಂಬುದು ಬರಿಯ ಅಂದದ ಪ್ರಶ್ನೆಯಲ್ಲ. ಅಂಗಡಿಗೆ ಹೋದರೆ ಪಾಲಿಶ್, ವ್ಯಾಕ್ಸ್, ವಾರ್ನಿಶ್ ಎಂದು ಹತ್ತು ಬಗೆಯ ಡಬ್ಬಿಗಳಿರುತ್ತವೆ. ಎಲ್ಲವೂ ಹೊಳಪು ಕೊಡುವಂಥವೇ. ಆದರೆ ಹೊಳಪು ಬೇರೆ, ರಕ್ಷಣೆ ಬೇರೆ. ಇವುಗಳಲ್ಲಿ ಯಾವುದನ್ನು ಆರಿಸಬೇಕು? ಅದನ್ನು ತಿಳಿಯುವ ಮೊದಲು ಎರಡು ಸಂಗತಿಗಳನ್ನು ನೋಡಬೇಕು: ದೋಣಿ ಯಾವುದರಿಂದ ಆದುದು? ಅದು ಇರುವ ನೀರು ಎಂಥದು?

ನೀರಿನ ಗುಣ

ನಮ್ಮ ಕರಾವಳಿಯ ಹೊಳೆಗಳಲ್ಲಿ ಮಳೆಗಾಲದ ನೀರು ಸಿಹಿ. ಬೇಸಗೆಯಲ್ಲಿ ಭರತದ ಜೊತೆಗೆ ಉಪ್ಪುನೀರು ಮೇಲಕ್ಕೆ ಏರಿಬರುತ್ತದೆ. ಈ ಉಪ್ಪುನೀರಿನೊಂದಿಗೆ ಮರ ಕೊರೆಯುವ ಹುಳುವೂ ಬರುತ್ತದೆ. ಹುಳು ಎಂದು ಕರೆದರೂ ಅದು ಚಿಪ್ಪಿಯ ಜಾತಿಯ ಜೀವಿ. ಮರಿಯಾಗಿರುವಾಗ ಕಣ್ಣಿಗೆ ಬೀಳದಷ್ಟು ಸಣ್ಣ ತೂತು ಮಾಡಿ ಹಲಗೆಯೊಳಗೆ ಸೇರುತ್ತದೆ. ಒಳಗೇ ಬೆಳೆಯುತ್ತ, ಮರವನ್ನು ಕೊರೆದು ಸುರಂಗ ಮಾಡುತ್ತದೆ. ಹೊರಗೆ ಹಲಗೆ ಗಟ್ಟಿಯಾಗಿಯೇ ಕಾಣುತ್ತದೆ. ಒಳಗೆ ಜೇನುತಟ್ಟಿಯಂತೆ ಟೊಳ್ಳಾಗಿರುತ್ತದೆ. 1503ರಲ್ಲಿ ಕೊಲಂಬಸನು ತನ್ನ ಹಡಗುಗಳನ್ನು ಜಮೈಕಾ ದ್ವೀಪದ ದಡಕ್ಕೆ ಹತ್ತಿಸಿ ಅಲ್ಲಿಯೇ ಉಳಿಯಬೇಕಾಗಿ ಬಂದುದು ಈ ಹುಳುವಿನ ಕಾಟದಿಂದಲೇ.

ಒಳಹೊಕ್ಕ ಹುಳು ಎರಡು ದಿನ ದೋಣಿ ಒಣಗಿಸಿದ ಮಾತ್ರಕ್ಕೆ ಸಾಯುವುದಿಲ್ಲ. ತೂತಿನ ಬಾಯಿಯನ್ನು ಮುಚ್ಚಿಕೊಂಡು ಎರಡು ವಾರವಾದರೂ ತಾಳಬಲ್ಲದು. ಆದಕಾರಣ ಅದು ಒಳಹೋಗದಂತೆ ತಡೆಯುವುದೇ ಜಾಣತನ. ಕತ್ತಿಯ ಹಿಂಬದಿಯಿಂದ ಹಲಗೆಯನ್ನು ಮೆಲ್ಲನೆ ಬಡಿದು ನೋಡಿರಿ. ಟೊಳ್ಳು ಸದ್ದು ಬಂದ ಕಡೆ ಏನು ಬಳಿದರೂ ಪ್ರಯೋಜನವಿಲ್ಲ. ಆ ಹಲಗೆಯನ್ನು ಬದಲಾಯಿಸಲೇಬೇಕು.

ಮರದ ದೋಣಿಗೆ ಎಣ್ಣೆ

ಹೆಬ್ಬಲಸಿನದಾಗಲಿ ಮಾವಿನದಾಗಲಿ, ಮರ ನೀರನ್ನು ಕುಡಿದು ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಹೀಗೆ ಉಬ್ಬಿ ಕುಗ್ಗಿ ಬಿರುಕು ಬಿಡುತ್ತದೆ; ಹಲಗೆಗಳ ಸಂದು ಸಡಿಲವಾಗುತ್ತದೆ. ಆದಕಾರಣ ಮರಕ್ಕೆ ಬೇಕಾದುದು ಒಳಕ್ಕೆ ಇಳಿದು ನೀರಿಗೆ ಎಡೆಗೊಡದ ವಸ್ತು. ಅದು ಎಣ್ಣೆ.

ಎಲ್ಲ ಎಣ್ಣೆಯೂ ಆಗದು. ತೆಂಗಿನೆಣ್ಣೆ ಎಷ್ಟು ದಿನವಾದರೂ ಜಿಡ್ಡಾಗಿಯೇ ಉಳಿಯುತ್ತದೆ. ಅಗಸೆ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ. ಬೂತಾಯಿ ಮೀನಿನ ಎಣ್ಣೆಗೂ ಬಹುಮಟ್ಟಿಗೆ ಅದೇ ಗುಣ ಉಂಟು. ನಮ್ಮ ಹಿರಿಯರು ದೋಣಿಗೆ ಮೀನೆಣ್ಣೆ ಹಚ್ಚುತ್ತಿದ್ದುದು ಸುಮ್ಮನೆ ಅಲ್ಲ. ವಾಸನೆ ಕೆಲವು ದಿನ ಇರುತ್ತದೆ. ದೋಣಿ ಅನೇಕ ವರ್ಷ ಇರುತ್ತದೆ.

ಗೇರುಬೀಜದ ಸಿಪ್ಪೆಯ ಎಣ್ಣೆಯೂ ಒಳ್ಳೆಯದು. ಅದು ಹುಳುವಿಗೂ ಗೆದ್ದಲಿಗೂ ಸೇರದು. ಆದರೆ ಹಸಿ ಗೇರುಬೀಜ ಒಡೆಯುವಾಗ ಸಿಡಿದ ರಸದಿಂದ ಕೈಯಲ್ಲಿ ಬೊಕ್ಕೆ ಎದ್ದುದನ್ನು ಎಲ್ಲರೂ ಬಲ್ಲರು. ಇದೂ ಅದೇ ರಸ. ಕೈಗವಸು ಇಲ್ಲದೆ ಮುಟ್ಟಕೂಡದು. ಮಕ್ಕಳನ್ನು ಹತ್ತಿರ ಬಿಡಕೂಡದು. ಭತ್ತ, ಅಕ್ಕಿ ಸಾಗಿಸುವ ದೋಣಿಯ ಒಳಮೈಗೆ ಇದನ್ನು ಹಚ್ಚಬೇಡಿರಿ. ಹೊರಮೈಗೆ ಮಾತ್ರ ಸಾಕು.

ಉಪ್ಪುನೀರಿನಲ್ಲಿ ಸದಾ ಮುಳುಗಿರುವ ಅಡಿಭಾಗಕ್ಕೆ ಸುಣ್ಣವನ್ನು ಎಣ್ಣೆ ಅಥವಾ ಕೊಬ್ಬಿನಲ್ಲಿ ಕಲಸಿ ಬಳಿಯುವುದು ಪಶ್ಚಿಮ ಕರಾವಳಿಯ ಹಳೆಯ ಪದ್ಧತಿ. ಈ ಪದರ ಸವೆಯುತ್ತ ಹೋಗುವುದರಿಂದ ಬೇಸಗೆಯಲ್ಲಿ ಆಗಾಗ ದೋಣಿಯನ್ನು ದಡಕ್ಕೆ ಎಳೆದು, ಕೆರೆದು, ಮತ್ತೆ ಬಳಿಯಬೇಕು.

ಹಚ್ಚುವ ಕ್ರಮ

1. ದೋಣಿಯನ್ನು ಸಿಹಿನೀರಿನಿಂದ ತೊಳೆದು, ಪಾಚಿ ಮತ್ತು ಚಿಪ್ಪುಗಳನ್ನು ಕೆರೆದು ತೆಗೆಯಿರಿ.

2. ನೆರಳಿನಲ್ಲಿ ಮಗುಚಿ ಹಾಕಿ ಚೆನ್ನಾಗಿ ಒಣಗಿಸಿರಿ. ಒದ್ದೆ ಮರಕ್ಕೆ ಎಣ್ಣೆ ಹಚ್ಚಿದರೆ ನೀರನ್ನು ಒಳಗೇ ಕೂಡಿಹಾಕಿದಂತಾಗುತ್ತದೆ.

3. ಸಂದುಗಳಲ್ಲಿ ಹತ್ತಿ ಕಿತ್ತುಹೋಗಿದ್ದರೆ ಮೊದಲು ಅದನ್ನು ಸರಿಪಡಿಸಿರಿ.

4. ಎಣ್ಣೆಯನ್ನು ತೆಳ್ಳಗೆ ಹಚ್ಚಿ, ಮರ ಕುಡಿಯದೆ ಉಳಿದುದನ್ನು ಬಟ್ಟೆಯಿಂದ ಒರಸಿರಿ. ಅದು ಒಣಗಿದ ಮೇಲೆ ಇನ್ನೊಂದು ಸಲ ಹಚ್ಚಿರಿ. ಒಂದು ದಪ್ಪ ಪದರಕ್ಕಿಂತ ಮೂರು ತೆಳು ಪದರ ಮೇಲು.

ಮಳೆಗಾಲ ಮುಗಿದು ಉಪ್ಪುನೀರು ಏರುವ ಮುನ್ನ ಒಮ್ಮೆ, ಮುಂದಿನ ಮಳೆಗೆ ಮುನ್ನ ಮತ್ತೊಮ್ಮೆ ಹಚ್ಚಿದರೆ ಒಳ್ಳೆಯದು. ನಡುವೆ ಬೇಕೋ ಬೇಡವೋ ತಿಳಿಯಲು ಒಣಗಿದ ಹಲಗೆಯ ಮೇಲೆ ಒಂದು ಬೊಗಸೆ ನೀರು ಚೆಲ್ಲಿರಿ. ಕೆಸುವಿನ ಎಲೆಯ ಮೇಲಿನಂತೆ ಹನಿಯಾಗಿ ಜಾರಿದರೆ ಎಣ್ಣೆ ಇನ್ನೂ ಇದೆ; ನೀರು ಇಂಗಿ ಹಲಗೆ ಕಪ್ಪಾದರೆ ಎಣ್ಣೆ ಮುಗಿದಿದೆ.

ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆದರೆ ಅವು ತಮ್ಮಷ್ಟಕ್ಕೆ ಕಾವೇರಿ ಹೊತ್ತಿಕೊಳ್ಳುವುದುಂಟು. ಬೆಂಕಿಯ ಕಿಡಿಯೂ ಬೇಕಿಲ್ಲ. ಬೈಹುಲ್ಲಿನ ಬಣವೆಯ ಬಳಿ ಎಸೆದರೆ ವರ್ಷದ ಮೇವು ಹೋದೀತು. ಆ ಬಟ್ಟೆಯನ್ನು ಬಿಡಿಸಿ ಬಯಲಿನಲ್ಲಿ ಒಣಗಿಸಿರಿ, ಇಲ್ಲವೆ ನೀರಿನಲ್ಲಿ ನೆನೆಸಿಡಿರಿ.

ಮೇಣ ಯಾವುದಕ್ಕೆ?

ಜೇನುಮೇಣ ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗುತ್ತದೆ. ಅದಕ್ಕೆ ಮುಂಚೆಯೇ ಮೆತ್ತಗಾಗುತ್ತದೆ. ಅದು ಮರದ ಮೇಲೆಯೇ ನಿಂತು, ದಡದ ಮರಳಿಗೆ ತಿಕ್ಕಿ ಹೋಗುತ್ತದೆ. ಅದೂ ಅಲ್ಲದೆ ಮೇಣ ಹತ್ತಿದ ಹಲಗೆಗೆ ಮುಂದೆ ಎಣ್ಣೆ ಇಳಿಯದು, ಬಣ್ಣ ಕಚ್ಚದು. ಆದಕಾರಣ ಮರದ ದೋಣಿಗೆ ಮೇಣ ತಕ್ಕುದಲ್ಲ.

ಫೈಬರ್ ದೋಣಿಯ ಮಾತು ಬೇರೆ. ಅದರ ಹೊರಮೈಯಲ್ಲಿ ಸುಮಾರು ಅರ್ಧ ಮಿಲ್ಲಿಮೀಟರ್ ದಪ್ಪದ ನುಣುಪಾದ ಪದರವಿರುತ್ತದೆ. ಇದಕ್ಕೆ ಜೆಲ್ ಕೋಟ್ ಎಂದು ಹೆಸರು. ಇದು ಎಣ್ಣೆ ಕುಡಿಯುವುದಿಲ್ಲ. ಇದರ ಶತ್ರು ಬಿಸಿಲು. ಬಿಸಿಲಿಗೆ ಮಂಕಾಗಿ, ಅಂಗೈಯಿಂದ ಸವರಿದರೆ ಸುಣ್ಣದಂಥ ಪುಡಿ ಹತ್ತುತ್ತದೆ. ಇಲ್ಲಿ ಪಾಲಿಶ್ ಮತ್ತು ಮೇಣಗಳ ಭೇದವನ್ನು ತಿಳಿಯಬೇಕು. ತಾಮ್ರದ ಹಂಡೆಯನ್ನು ಹುಣಸೆಹುಳಿ ಹಾಕಿ ತಿಕ್ಕುವುದು ಒಂದು ಕೆಲಸ, ಆಮೇಲೆ ಕಲಾಯಿ ಹಾಕುವುದು ಇನ್ನೊಂದು. ಉಜ್ಜುವ ಪಾಲಿಶ್ ಹಳೆಯ ಪುಡಿಯನ್ನು ತೆಗೆಯುತ್ತದೆ. ಮೇಣ ಕಲಾಯಿಯಂತೆ ಮುಚ್ಚುತ್ತದೆ. ಪದರ ತೆಳುವಾದುದರಿಂದ ವರ್ಷಕ್ಕೆ ನಾಲ್ಕು ಸಲ ಪಾಲಿಶ್ ಉಜ್ಜಿದರೆ ಮೈಯೇ ಸವೆದೀತು. ಪುಡಿ ಕಂಡಾಗ ಮಾತ್ರ ಹಗುರವಾಗಿ ಉಜ್ಜಿ, ಕೂಡಲೆ ಮೇಣ ಹಚ್ಚಿರಿ.

ಮೇಣಗಳಲ್ಲಿ ಕಾರ್ನೂಬಾ ಗಟ್ಟಿಯಾದುದು. ಅದು ಬ್ರೆಜಿಲ್ ದೇಶದ ಒಂದು ತಾಳೆ ಜಾತಿಯ ಮರದ ಎಲೆಯಿಂದ ದೊರೆಯುತ್ತದೆ. ಸುಮಾರು 82 ಡಿಗ್ರಿಗೆ ಮೊದಲು ಕರಗದು. ನೆರಳಿನಲ್ಲಿ, ಮೊಳದಷ್ಟು ಜಾಗಕ್ಕೆ ಒಂದೊಂದು ಸಲ ತೆಳ್ಳಗೆ ಹಚ್ಚಿ, ಮಂಜು ಕವಿದಂತೆ ಕಂಡಾಗ ಮೆತ್ತನೆಯ ಹತ್ತಿಬಟ್ಟೆಯಿಂದ ಒರಸಿರಿ. ಕಾಲಿಡುವ ಜಾಗಕ್ಕೆ ಮೇಣ ಕೂಡದು. ಮಳೆಯಲ್ಲಿ ಮೂಟೆ ಹೊತ್ತವನು ಜಾರಿ ಬಿದ್ದಾನು. ಸದಾ ನೀರಿನಲ್ಲಿರುವ ಅಡಿಗೂ ಮೇಣ ಬೇಡ.

ಇವು ಕೂಡದು

ಹಳೆಯ ಇಂಜಿನ್ ಆಯಿಲ್ ಪುಕ್ಕಟೆ ಸಿಗುತ್ತದೆಂದು ಬಳಿಯುವವರಿದ್ದಾರೆ. ಅದು ಒಣಗದು, ಹೊಳೆಗೆ ಇಳಿದು ಮೀನಿಗೆ ಕೇಡು, ಮೈಗೆ ಹತ್ತಿದರೆ ಚರ್ಮಕ್ಕೂ ಕೇಡು. ದಪ್ಪ ವಾರ್ನಿಶ್ ಬಿಸಿಲಿಗೆ ಸೀಳುತ್ತದೆ. ಸೀಳಿನಿಂದ ನೀರು ಒಳಹೋಗಿ, ಮೇಲೆ ಹೊಳಪು ಇರುವಾಗಲೇ ಕೆಳಗೆ ಮರ ಕೊಳೆಯುತ್ತದೆ.

ಕೊನೆಯದಾಗಿ, ಮರಕ್ಕೆ ಎಣ್ಣೆ, ಫೈಬರಿಗೆ ಮೇಣ ಎಂಬಷ್ಟನ್ನು ನೆನಪಿಟ್ಟರೆ ಈ ಪಾಠದ ಸಾರ ತಿಳಿದಂತೆಯೇ. ವರ್ಷಕ್ಕೆ ಕೆಲವು ದಿನದ ಕೆಲಸ ಇದು. ಹೊಳೆ ತುಂಬಿ ಹರಿಯುವ ದಿನ ಮಕ್ಕಳನ್ನು ದೋಣಿಗೆ ಹತ್ತಿಸುವಾಗ ಅದರ ಫಲ ತಿಳಿಯುತ್ತದೆ.

ಕೂಡಿ ಚರ್ಚಿಸಿರಿ

1. ನಿಮ್ಮ ಊರಿನ ಹೊಳೆಗೆ ಉಪ್ಪುನೀರು ಯಾವ ತಿಂಗಳಲ್ಲಿ ಏರುತ್ತದೆ? ದೋಣಿಗೆ ಎಣ್ಣೆ ಹಚ್ಚುವುದು ಅದಕ್ಕೆ ಮುಂಚೆಯೋ, ಆಮೇಲೋ?

2. ತೆಂಗಿನೆಣ್ಣೆ ದೋಣಿಗೆ ಏಕೆ ಆಗದು?

3. ಪಾಲಿಶ್ ಉಜ್ಜುವುದಕ್ಕೂ ಮೇಣ ಹಚ್ಚುವುದಕ್ಕೂ ವ್ಯತ್ಯಾಸವೇನು?

4. ಎಣ್ಣೆ ಬಟ್ಟೆಯನ್ನು ನಿಮ್ಮ ಮನೆಯಲ್ಲಿ ಎಲ್ಲಿ ಇಡುತ್ತೀರಿ?