ಶಾಲೆಯಲ್ಲಿ ಮಗುವಿನ ಮಾತು: ಹಕ್ಕು, ಮಿತಿ ಹಾಗೂ ಗ್ರಾಮ ಪಂಚಾಯತಿಯ ಹೊಣೆ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)

ಮಕ್ಕಳ ಗ್ರಾಮಸಭೆಯಲ್ಲಿ ಶಾಲೆಯ ಶೌಚಾಲಯಕ್ಕೆ ನೀರಿಲ್ಲವೆಂದು ವಿದ್ಯಾರ್ಥಿನಿಯೊಬ್ಬಳು ಹೇಳಿದರೆ ಆ ಮಾತು ಸಭಾ ನಡವಳಿಯಲ್ಲಿ ದಾಖಲಾಗುತ್ತದೆ. ಮರುದಿನ ಶಾಲೆಯಲ್ಲಿ ಆಕೆ ಎದುರಿಸುವುದು ಏನನ್ನು ಎಂಬುದು ಯಾವ ನಡವಳಿಯಲ್ಲಿಯೂ ದಾಖಲಾಗುವುದಿಲ್ಲ. "ಊರಿನವರ ಮುಂದೆ ಶಾಲೆಯ ಮಾನ ಕಳೆದೆ" ಎಂಬ ಒಂದು ಗದರಿಕೆ ಸಾಕು. ಮುಂದಿನ ವರ್ಷ ಆಕೆಯೂ ಮಾತನಾಡುವುದಿಲ್ಲ, ಆಕೆಯ ಸಹಪಾಠಿಗಳೂ ಮಾತನಾಡುವುದಿಲ್ಲ. ಆದ್ದರಿಂದ ಮಗುವಿಗೆ ಮಾತನಾಡಲು ಅವಕಾಶ ಕಲ್ಪಿಸುವುದು ಹೊಣೆಯ ಅರ್ಧಭಾಗ ಮಾತ್ರ. ಮಾತನಾಡಿದ ಮಗುವಿಗೆ ಅದರಿಂದ ತೊಂದರೆಯಾಗದಂತೆ ನೋಡಿಕೊಳ್ಳುವುದು ಉಳಿದರ್ಧ. ಇದು ಹಿರಿಯರ ಔದಾರ್ಯಕ್ಕೆ ಬಿಟ್ಟ ವಿಷಯವಲ್ಲ. ಇದಕ್ಕೆ ಸಂವಿಧಾನದ ಹಾಗೂ ಕಾನೂನಿನ ಆಧಾರವಿದೆ.

1. ಸಂವಿಧಾನದ ನೆಲೆ

ಸಂವಿಧಾನದ 19(1)(ಎ) ವಿಧಿಯು ಎಲ್ಲ ನಾಗರಿಕರಿಗೆ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ನೀಡಿದೆ. ಮತದಾನಕ್ಕೆ 18 ವರ್ಷ ತುಂಬಿರಬೇಕೆಂಬ ನಿಯಮವಿರುವಂತೆ ಈ ಹಕ್ಕಿಗೆ ಯಾವುದೇ ವಯೋಮಿತಿಯನ್ನು ವಿಧಿಸಿಲ್ಲ. ಶಾಲೆಯ ವಿದ್ಯಾರ್ಥಿಯೂ ನಾಗರಿಕನೇ. ಮಕ್ಕಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತವು 1992ರಲ್ಲಿ ಸೇರ್ಪಡೆಯಾಗಿದೆ. ಅದರ 12ನೇ ವಿಧಿಯ ಪ್ರಕಾರ, ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ. ಮಗುವಿನ ವಯಸ್ಸು ಮತ್ತು ಪ್ರಬುದ್ಧತೆಗೆ ಅನುಗುಣವಾಗಿ ಆ ಅಭಿಪ್ರಾಯಕ್ಕೆ ಮನ್ನಣೆ ದೊರೆಯಬೇಕು.

2. ಕೇರಳದ ಪ್ರಕರಣ

ವಿದ್ಯಾರ್ಥಿಗಳ ಅಭಿವ್ಯಕ್ತಿ ಸ್ವಾತಂತ್ರ್ಯದ ಬಗ್ಗೆ ನಮ್ಮ ದೇಶದ ಮುಖ್ಯ ತೀರ್ಪು 'ಬಿಜೋ ಇಮ್ಯಾನುಯಲ್ ವಿರುದ್ಧ ಕೇರಳ ರಾಜ್ಯ' ಪ್ರಕರಣದ್ದು. ಕೇರಳದ ಶಾಲೆಯೊಂದರಲ್ಲಿ 10, 9 ಮತ್ತು 5ನೇ ತರಗತಿಗಳಲ್ಲಿ ಓದುತ್ತಿದ್ದ ಒಂದೇ ಕುಟುಂಬದ ಮೂವರು ಮಕ್ಕಳು ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು. ಆದರೆ ತಮ್ಮ ಧಾರ್ಮಿಕ ನಂಬಿಕೆಯ ಕಾರಣದಿಂದ ಹಾಡುತ್ತಿರಲಿಲ್ಲ. ಇದನ್ನು ಗಮನಿಸಿದ ಶಾಸಕರೊಬ್ಬರು ವಿಷಯವನ್ನು ವಿಧಾನಸಭೆಯಲ್ಲಿ ಪ್ರಸ್ತಾಪಿಸಿದರು. ವಿಚಾರಣೆಗೆ ನೇಮಕವಾದ ಆಯೋಗವು, ಮಕ್ಕಳು ಕಾನೂನು ಪಾಲಿಸುವವರಾಗಿದ್ದು ರಾಷ್ಟ್ರಗೀತೆಗೆ ಅಗೌರವ ತೋರಿಲ್ಲವೆಂದು ವರದಿ ನೀಡಿತು. ಆದಾಗ್ಯೂ ಶಿಕ್ಷಣ ಇಲಾಖೆಯ ಅಧಿಕಾರಿಯ ಸೂಚನೆಯ ಮೇರೆಗೆ 1985ರ ಜುಲೈ 26ರಂದು ಮುಖ್ಯೋಪಾಧ್ಯಾಯಿನಿಯವರು ಮೂವರನ್ನೂ ಶಾಲೆಯಿಂದ ಹೊರಹಾಕಿದರು.

ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿಯೂ ವಿಭಾಗೀಯ ಪೀಠದಲ್ಲಿಯೂ ಮಕ್ಕಳಿಗೆ ಪರಿಹಾರ ದೊರೆಯಲಿಲ್ಲ. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ನೀಡಿತು. ಮಕ್ಕಳನ್ನು ಮರಳಿ ಶಾಲೆಗೆ ಸೇರಿಸಿಕೊಂಡು, ಅಡ್ಡಿಯಿಲ್ಲದೆ ಓದು ಮುಂದುವರಿಸಲು ಅನುವು ಮಾಡಿಕೊಡುವಂತೆ ಆದೇಶಿಸಿತು. ತೀರ್ಪಿನಲ್ಲಿ ಧರ್ಮ ಸ್ವಾತಂತ್ರ್ಯದ 25ನೇ ವಿಧಿಯ ಚರ್ಚೆಯೂ ಇದೆ. ಆದರೆ ಪಂಚಾಯತಿ ಸದಸ್ಯರಿಗೆ ಮುಖ್ಯವಾದ ಅಂಶಗಳು ಎರಡು.

ಮೊದಲನೆಯದು, ವಾಕ್ ಸ್ವಾತಂತ್ರ್ಯದಲ್ಲಿ ಮೌನವಾಗಿರುವ ಹಕ್ಕೂ ಅಡಕವಾಗಿದೆ. ಎರಡನೆಯದು, ಈ ಸ್ವಾತಂತ್ರ್ಯಕ್ಕೆ ಮಿತಿ ಹಾಕಬೇಕಾದರೆ 19(2) ವಿಧಿಯಲ್ಲಿ ಹೇಳಿದ ಕಾರಣಗಳಿಗಾಗಿ, ಕಾನೂನಿನ ಮೂಲಕವೇ ಹಾಕಬೇಕು. ಆ ಪ್ರಕರಣದಲ್ಲಿ ಇಲಾಖೆಯು ಆಧರಿಸಿದ್ದ ಸುತ್ತೋಲೆಗಳಿಗೆ ಶಾಸನದ ಬಲವಿರಲಿಲ್ಲವೆಂದು ನ್ಯಾಯಾಲಯ ಹೇಳಿತು. ಶಾಸಕರ ಅಸಮಾಧಾನವಾಗಲಿ, ಮೇಲಧಿಕಾರಿಯ ಮೌಖಿಕ ಸೂಚನೆಯಾಗಲಿ ಮಗುವಿನ ಮೂಲಭೂತ ಹಕ್ಕನ್ನು ಕಿತ್ತುಕೊಳ್ಳಲು ಸಾಲದು ಎಂಬುದೇ ಇದರ ಪಾಠ.

3. ಮಿತಿ ಎಲ್ಲಿದೆ?

ಹಾಗೆಂದು ಶಾಲೆಯಲ್ಲಿ ಶಿಸ್ತು ಬೇಡವೆಂದು ಅರ್ಥವಲ್ಲ. ಪಾಠ ನಡೆಯುವಾಗ ಗದ್ದಲ ಮಾಡುವುದು, ಜಾತಿಯ ಹೆಸರಿನಿಂದ ಸಹಪಾಠಿಯನ್ನು ಹೀಯಾಳಿಸುವುದು, ಬೆದರಿಸುವುದು ಇವುಗಳಿಗೆ ಹಕ್ಕಿನ ರಕ್ಷಣೆ ಇಲ್ಲ. ಶಿಸ್ತು ಮತ್ತು ಸ್ವಾತಂತ್ರ್ಯದ ನಡುವಿನ ಗೆರೆಯನ್ನು ಗುರುತಿಸಲು ಅಮೆರಿಕದ ಒಂದು ತೀರ್ಪು ನೆರವಾಗುತ್ತದೆ. 1965ರ ಡಿಸೆಂಬರಿನಲ್ಲಿ ಅಯೋವಾ ರಾಜ್ಯದ ಡೆ ಮೊಯಿನ್ ನಗರದ ಸಾರ್ವಜನಿಕ ಶಾಲೆಗಳ ಕೆಲವು ವಿದ್ಯಾರ್ಥಿಗಳು ವಿಯೆಟ್ನಾಂ ಯುದ್ಧದ ವಿಷಯದಲ್ಲಿ ತಮ್ಮ ನಿಲುವನ್ನು ತಿಳಿಸಲು ತೋಳಿಗೆ ಕಪ್ಪು ಪಟ್ಟಿ ಧರಿಸಿ ಬಂದರು. ಶಾಲೆಗಳು ಅವರನ್ನು ಅಮಾನತುಗೊಳಿಸಿದವು. 'ಟಿಂಕರ್' ಪ್ರಕರಣವೆಂದು ಹೆಸರಾದ ಈ ವ್ಯಾಜ್ಯದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 1969ರಲ್ಲಿ 7–2ರ ಬಹುಮತದಿಂದ ವಿದ್ಯಾರ್ಥಿಗಳ ಪರ ತೀರ್ಪಿತ್ತಿತು. ತೊಂದರೆಯಾದೀತೆಂಬ ಬರಿಯ ಅಂಜಿಕೆ ಸಾಲದು. ಶಾಲೆಯ ಕೆಲಸಕ್ಕೆ ಗಣನೀಯ ಅಡ್ಡಿ ಅಥವಾ ಇತರರ ಹಕ್ಕಿಗೆ ಧಕ್ಕೆ ಇದ್ದರೆ ಮಾತ್ರ ನಿರ್ಬಂಧ ಸಲ್ಲುತ್ತದೆ ಎಂಬುದು ಅದರ ಸಾರ.

ಈ ತೀರ್ಪು ಭಾರತದಲ್ಲಿ ಬಂಧನಕಾರಿಯಲ್ಲ. ಆದರೆ ಅದು ಕೇಳುವ ಪ್ರಶ್ನೆ ನಮ್ಮಲ್ಲಿಯೂ ಉಪಯುಕ್ತ: ಮಗುವಿನ ಮಾತಿನಿಂದ ಪಾಠಕ್ಕೆ ಅಡ್ಡಿಯಾಯಿತೇ, ಅಥವಾ ಹಿರಿಯರಿಗೆ ಮುಜುಗರವಾಯಿತೇ? ಬಿಸಿಯೂಟದ ಬೇಳೆಯಲ್ಲಿ ಹುಳುವಿತ್ತೆಂದು ಹೇಳಿದ ಮಾತು ಎರಡನೆಯ ಬಗೆಯದು. ಮುಜುಗರವು ನಿರ್ಬಂಧಕ್ಕೆ ಕಾರಣವಾಗಲಾರದು.

4. ಶಿಕ್ಷಣ ಹಕ್ಕು ಕಾಯ್ದೆ, 2009

6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ ಈ ಕಾಯ್ದೆಯಲ್ಲಿ ಸದಸ್ಯರು ನೆನಪಿಡಬೇಕಾದ ಕಲಮುಗಳು ಹೀಗಿವೆ:

ಕಲಮು 16: ಪ್ರಾಥಮಿಕ ಶಿಕ್ಷಣ ಪೂರ್ಣಗೊಳ್ಳುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ.
ಕಲಮು 17: ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ಎರಡೂ ನಿಷಿದ್ಧ. ಮಾತನಾಡಿದ ಮಗುವನ್ನು ತರಗತಿಯ ಮುಂದೆ ಅವಮಾನಿಸುವುದು ಮಾನಸಿಕ ಕಿರುಕುಳವೇ.
ಕಲಮು 29: ಮಗುವನ್ನು ಭಯ, ಆಘಾತ, ಆತಂಕಗಳಿಂದ ಮುಕ್ತಗೊಳಿಸಿ, ತನ್ನ ಅನಿಸಿಕೆಗಳನ್ನು ಮುಕ್ತವಾಗಿ ಹೇಳಲು ನೆರವಾಗುವುದನ್ನು ಪಠ್ಯಕ್ರಮ ರೂಪಿಸುವಾಗ ಪರಿಗಣಿಸಬೇಕು.
ಕಲಮು 32: ಮಗುವಿನ ಹಕ್ಕಿನ ಬಗೆಗಿನ ಲಿಖಿತ ದೂರನ್ನು ವ್ಯಾಪ್ತಿಯುಳ್ಳ ಸ್ಥಳೀಯ ಪ್ರಾಧಿಕಾರಕ್ಕೆ ಸಲ್ಲಿಸಬಹುದು. ಪ್ರಾಧಿಕಾರವು ಸಂಬಂಧಪಟ್ಟವರ ಅಹವಾಲು ಆಲಿಸಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಮೇಲ್ಮನವಿಯು ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ.

'ಸ್ಥಳೀಯ ಪ್ರಾಧಿಕಾರ'ದ ವ್ಯಾಖ್ಯೆಯಲ್ಲಿ ಪಂಚಾಯತಿಯೂ ಸೇರಿದೆ ಎಂಬುದು ಗಮನಾರ್ಹ.

5. ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

(ಅ) ಮಕ್ಕಳ ಗ್ರಾಮಸಭೆಗೆ ಮುನ್ನ ಮುಖ್ಯ ಶಿಕ್ಷಕರೊಡನೆ ಚರ್ಚಿಸಿ, ಪ್ರಶ್ನೆಗಳನ್ನು ಶಿಕ್ಷಕರು ಬರೆದುಕೊಟ್ಟು ಮಕ್ಕಳಿಂದ ಓದಿಸುವ ರೂಢಿಯನ್ನು ಕೈಬಿಡುವಂತೆ ಕೋರುವುದು.
(ಆ) ಎದ್ದು ನಿಂತು ಹೇಳಲಾಗದ ಮಕ್ಕಳಿಗಾಗಿ ಹೆಸರು ಬರೆಯದೆ ಚೀಟಿ ಹಾಕುವ ಪೆಟ್ಟಿಗೆಯನ್ನು ಇರಿಸುವುದು; ಅದನ್ನು ಸಭೆಯಲ್ಲಿಯೇ ತೆರೆಯುವುದು.
(ಇ) ನಡವಳಿಯಲ್ಲಿ ವಿಷಯವನ್ನು ಪೂರ್ಣವಾಗಿ ದಾಖಲಿಸುವುದು. ದೂರು ಸೂಕ್ಷ್ಮವಾಗಿದ್ದರೆ ಮಗುವಿನ ಹೆಸರನ್ನು ಕೈಬಿಡುವುದು.
(ಈ) ಸಭೆಯ ನಂತರ ಒಂದು ತಿಂಗಳೊಳಗೆ ಶಾಲೆಗೆ ಭೇಟಿ ನೀಡಿ, ಬೇಡಿಕೆ ಯಾವ ಹಂತದಲ್ಲಿದೆ ಎಂಬುದನ್ನು ಮಕ್ಕಳಿಗೇ ತಿಳಿಸುವುದು. ಈಡೇರಿಸಲಾಗದಿದ್ದರೆ ಕಾರಣವನ್ನು ಹೇಳುವುದು.
(ಉ) ಅದೇ ಭೇಟಿಯಲ್ಲಿ, ಮಾತನಾಡಿದ ಮಕ್ಕಳಿಗೆ ಗದರಿಕೆ ಅಥವಾ ಕಿರುಕುಳ ಆಗಿದೆಯೇ ಎಂದು ಶಿಕ್ಷಕರಿಲ್ಲದ ವೇಳೆ ವಿಚಾರಿಸುವುದು. ಆಗಿದ್ದಲ್ಲಿ ಪಂಚಾಯತಿಯ ಗಮನಕ್ಕೆ ತಂದು, ಶಿಕ್ಷಕರ ವಿವರಣೆಯನ್ನೂ ಪಡೆದು ಮುಂದುವರಿಯುವುದು. ಮಕ್ಕಳ ಸಹಾಯವಾಣಿ 1098ರ ಮಾಹಿತಿಯನ್ನು ಗೋಡೆಯ ಮೇಲೆ ಬರೆಸುವುದು.

ಮಗು ದೂರು ಹೇಳಿದ ಮಾತ್ರಕ್ಕೆ ಶಿಕ್ಷಕರು ತಪ್ಪಿತಸ್ಥರಾಗುವುದಿಲ್ಲ. ಶೌಚಾಲಯದ ನೀರಿನ ಕೊರತೆಗೆ ಪಂಚಾಯತಿಯ ಕೊಳವೆಬಾವಿಯ ಮೋಟಾರು ಕೆಟ್ಟಿರುವುದೇ ಕಾರಣವಾಗಿರಬಹುದು. ಟೀಕೆ ತನ್ನ ಕಡೆಗೆ ತಿರುಗಿದಾಗ ಪಂಚಾಯತಿಯು ತಾಳ್ಮೆಯಿಂದ ಕೇಳಿಸಿಕೊಂಡರೆ, ಶಾಲೆಯೂ ಹಾಗೆಯೇ ಕೇಳಿಸಿಕೊಳ್ಳಬೇಕೆಂದು ಹೇಳುವ ನೈತಿಕ ಬಲ ಅದಕ್ಕೆ ಬರುತ್ತದೆ.

ಚರ್ಚೆಗೆ ಪ್ರಶ್ನೆಗಳು

1. ಕಳೆದ ಮಕ್ಕಳ ಗ್ರಾಮಸಭೆಯಲ್ಲಿ ಬಂದ ಬೇಡಿಕೆಗಳಲ್ಲಿ ಎಷ್ಟಕ್ಕೆ ಮಕ್ಕಳಿಗೆ ಉತ್ತರ ನೀಡಲಾಗಿದೆ?
2. ಆ ಸಭೆಯಲ್ಲಿ ಮಾತನಾಡದೆ ಉಳಿದ ಮಕ್ಕಳು ಯಾರು? ಅವರ ಮೌನಕ್ಕೆ ಕಾರಣವೇನು?
3. ಪಂಚಾಯತಿಯ ವಿರುದ್ಧವೇ ಮಗು ಮಾತನಾಡಿದಾಗ ಸದಸ್ಯರು ಹೇಗೆ ನಡೆದುಕೊಂಡರು?