ಮೋಟಾರು ಗಾಡಿಯ ವೇಗಪಾಲಕ

ಮೈಸೂರಿನಿಂದ ನಂಜನಗೂಡಿಗೆ ನಾವು ಕಾರಿನಲ್ಲಿ ಹೊರಟಿರುವೆವೆಂದು ಭಾವಿಸೋಣ. ಮಂಡಕಳ್ಳಿಯ ವಿಮಾನ ನಿಲ್ದಾಣ ಹಿಂದೆ ಸರಿದಿದೆ. ಮುಂದೆ ಚತುಷ್ಪಥ ರಸ್ತೆ ಬರಿದಾಗಿದೆ. ಚಾಲಕನು ಸ್ಟೀರಿಂಗಿನ ಮೇಲಿರುವ ಒಂದು ಗುಂಡಿಯನ್ನೊತ್ತಿ, ಆಕ್ಸಿಲರೇಟರಿನ ಮೇಲಿಂದ ಕಾಲನ್ನು ತೆಗೆದುಬಿಡುತ್ತಾನೆ. ಆದರೂ ಗಾಡಿಯ ವೇಗ ಕುಗ್ಗುವುದಿಲ್ಲ. ಮುಳ್ಳು ಗಂಟೆಗೆ 80 ಕಿಲೋಮೀಟರಿನಲ್ಲಿಯೇ ನಿಂತಿರುತ್ತದೆ. ಈ ಕೆಲಸವನ್ನು ಮಾಡುವ ಸಾಧನಕ್ಕೆ ಕ್ರೂಸ್ ಕಂಟ್ರೋಲ್ ಎಂದು ಹೆಸರು. ನಾವು ಇದನ್ನು ವೇಗಪಾಲಕವೆಂದು ಕರೆಯಬಹುದು. ಇದು ಹೇಗೆ ಕೆಲಸಮಾಡುತ್ತದೆ, ಇದನ್ನು ಎಲ್ಲಿ ನಂಬಬಹುದು, ಎಲ್ಲಿ ನಂಬಬಾರದು ಎಂಬುದನ್ನು ವಿಚಾರಿಸೋಣ.

ಹುಟ್ಟು

ಯಂತ್ರದ ವೇಗವನ್ನು ಯಂತ್ರದಿಂದಲೇ ಕಾಯಿಸುವ ಯೋಚನೆ ಹೊಸತಲ್ಲ. 1788ರಲ್ಲಿ ಜೇಮ್ಸ್ ವಾಟನು ತನ್ನ ಉಗಿಯಂತ್ರಕ್ಕೆ ತಿರುಗುವ ಎರಡು ಗುಂಡುಗಳ ನಿಯಂತ್ರಕವೊಂದನ್ನು ಜೋಡಿಸಿದನು. ವೇಗ ಹೆಚ್ಚಿದರೆ ಗುಂಡುಗಳು ಹೊರಕ್ಕೆ ಚಿಮ್ಮಿ ಉಗಿಯ ದ್ವಾರವನ್ನು ಕಿರಿದುಗೊಳಿಸುತ್ತಿದ್ದವು. ಕುಗ್ಗಿದರೆ ಒಳಕ್ಕೆ ಬಂದು ಅದನ್ನು ಹಿರಿದುಗೊಳಿಸುತ್ತಿದ್ದವು. 1868ರಲ್ಲಿ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ಲನು ಇಂತಹ ನಿಯಂತ್ರಕಗಳ ಗಣಿತವನ್ನು ಬರೆದನು.

ಮೋಟಾರು ಗಾಡಿಗೆ ಈ ತತ್ತ್ವವನ್ನು ಅಳವಡಿಸಿದವರಲ್ಲಿ ಪ್ರಮುಖನು ಅಮೆರಿಕದ ಎಂಜಿನಿಯರ್ ರಾಲ್ಫ್ ಟೀಟರ್. ಐದು ವರ್ಷದ ಬಾಲಕನಾಗಿದ್ದಾಗಲೇ ಅವನು ದೃಷ್ಟಿಯನ್ನು ಕಳೆದುಕೊಂಡಿದ್ದನು. ಅವನ ಸಾಧನಕ್ಕೆ 1950ರಲ್ಲಿ ಪೇಟೆಂಟು ದೊರೆಯಿತು; 1958ರ ಮಾದರಿಯ ಕ್ರೈಸ್ಲರ್ ಕಾರುಗಳಲ್ಲಿ ಅದು ಮಾರಾಟಕ್ಕೆ ಬಂದಿತು. ಗಾಡಿ ನಡೆಸಲಾರದ ಮನುಷ್ಯನೊಬ್ಬನು ಕೋಟ್ಯಂತರ ಚಾಲಕರ ಕಾಲಿಗೆ ವಿಶ್ರಾಂತಿಯನ್ನು ಕೊಟ್ಟನೆಂಬುದು ಸ್ಮರಣೀಯ.

ಕೆಲಸಮಾಡುವ ಬಗೆ

ಚಕ್ರದ ಬಳಿಯಿರುವ ಸಂವೇದಕವು ಗಾಡಿಯ ವೇಗವನ್ನು ಎಡೆಬಿಡದೆ ಅಳೆಯುತ್ತಿರುತ್ತದೆ. ನಾವು ಬಯಸಿದ ವೇಗಕ್ಕೂ ಈಗಿನ ವೇಗಕ್ಕೂ ಇರುವ ವ್ಯತ್ಯಾಸವನ್ನು ಒಂದು ಚಿಕ್ಕ ಗಣಕವು ಲೆಕ್ಕಹಾಕಿ, ಅದಕ್ಕೆ ತಕ್ಕಂತೆ ಎಂಜಿನ್ನಿನ ಶಕ್ತಿಯನ್ನು ಏರಿಸುತ್ತದೆ ಅಥವಾ ಇಳಿಸುತ್ತದೆ. ಫಲವನ್ನು ನೋಡಿ ಕಾರಣವನ್ನು ತಿದ್ದುವ ಈ ಕ್ರಮಕ್ಕೆ ಮರುಪೂರಣವೆಂದು ಹೆಸರು.

ಇಲ್ಲೊಂದು ಸೂಕ್ಷ್ಮವುಂಟು. ಗಾಡಿ ಏರನ್ನು ಹತ್ತುವಾಗ ವೇಗ 80ರಿಂದ 78ಕ್ಕೆ ಇಳಿಯಿತೆನ್ನೋಣ. ವ್ಯತ್ಯಾಸ 2. ಈ ವ್ಯತ್ಯಾಸಕ್ಕೆ ತಕ್ಕಷ್ಟು ಶಕ್ತಿಯನ್ನು ಮಾತ್ರ ಕೂಡಿಸಿದರೆ, ಏರು ಮುಗಿಯುವವರೆಗೂ ವೇಗ 80ನ್ನು ಮುಟ್ಟಲಾರದು; ಏಕೆಂದರೆ ವ್ಯತ್ಯಾಸ ಸೊನ್ನೆಯಾದೊಡನೆ ಹೆಚ್ಚುವರಿ ಶಕ್ತಿಯೂ ಸೊನ್ನೆಯಾಗುತ್ತದೆ. ಆದುದರಿಂದ ಗಣಕವು ಹಿಂದಿನ ವ್ಯತ್ಯಾಸಗಳನ್ನೂ ಕೂಡಿಸಿಕೊಂಡು, ಕೊರತೆ ನೀಗುವವರೆಗೆ ಶಕ್ತಿಯನ್ನು ಏರಿಸುತ್ತ ಹೋಗುತ್ತದೆ. ಕಾಲೇಜಿನಲ್ಲಿ ನಾವು ಕಲಿಯುವ ಅನುಕಲನವು ಇಲ್ಲಿ ಗಾಡಿಯನ್ನು ಏರು ಹತ್ತಿಸುತ್ತದೆ!

ಇದರಿಂದ ಒಂದು ಮುಖ್ಯ ಸಂಗತಿ ತಿಳಿದುಬರುತ್ತದೆ. ಸರಳ ವೇಗಪಾಲಕಕ್ಕೆ ಗೊತ್ತಿರುವುದು ವೇಗವೆಂಬ ಒಂದೇ ಒಂದು ಸಂಖ್ಯೆ. ಮುಂದೆ ಎತ್ತಿನ ಗಾಡಿಯಿದೆಯೆ, ಮಗು ರಸ್ತೆ ದಾಟುತ್ತಿದೆಯೆ, ತಿರುವು ಬಂದಿದೆಯೆ ಎಂಬುದು ಅದಕ್ಕೆ ತಿಳಿಯದು. ಅದು ವೇಗವನ್ನು ಕಾಯುತ್ತದೆ. ದಾರಿಯನ್ನು ಕಾಯಬೇಕಾದವನು ಚಾಲಕನೇ.

ಅರ್ಧ ಸೆಕೆಂಡಿನ ಬೆಲೆ

ಗಂಟೆಗೆ 80 ಕಿಲೋಮೀಟರೆಂದರೆ ಸೆಕೆಂಡಿಗೆ ಸುಮಾರು 22 ಮೀಟರು. ಅಪಾಯವನ್ನು ಕಂಡು ಬ್ರೇಕನ್ನು ಒತ್ತಲು ಒಂದೂವರೆ ಸೆಕೆಂಡು ಬೇಕೆಂದು ಹಿಡಿದರೆ, ಆ ಅವಧಿಯಲ್ಲಿಯೇ ಗಾಡಿ 33 ಮೀಟರು ಮುಂದೆ ಸಾಗಿರುತ್ತದೆ. ಬ್ರೇಕು ಹಿಡಿದ ಮೇಲೆ ವೇಗವು ಸೆಕೆಂಡಿಗೆ 7 ಮೀಟರಿನಂತೆ ಕುಗ್ಗುತ್ತದೆಂದರೆ ನಿಲ್ಲಲು ಇನ್ನೂ 35 ಮೀಟರು ಬೇಕು. ಒಟ್ಟು 68 ಮೀಟರು. ರಾತ್ರಿಯಲ್ಲಿ ತಗ್ಗಿಸಿದ ದೀಪದ ಬೆಳಕಾದರೋ ಸುಮಾರು 50 ಮೀಟರಿನಷ್ಟು ದೂರ ಮಾತ್ರ ಚೆನ್ನಾಗಿ ಬೀಳುತ್ತದೆ. ಹಿಂದೀಪವಿಲ್ಲದ ಕಬ್ಬಿನ ಟ್ರಾಕ್ಟರು ಆ ಬೆಳಕಿಗೆ ಬೀಳುವ ಹೊತ್ತಿಗೆ ಕಾಲ ಮೀರಿರುತ್ತದೆ.

ವೇಗಪಾಲಕದ ಭರವಸೆಯಲ್ಲಿ ಕಾಲನ್ನು ಮಡಿಸಿಕೊಂಡು ಕುಳಿತವನಿಗೆ ಬ್ರೇಕನ್ನು ಹುಡುಕಲು ಅರ್ಧ ಸೆಕೆಂಡು ಹೆಚ್ಚಾಗಿ ತಗುಲಿದರೂ, ಆ ದೂರಕ್ಕೆ ಮತ್ತೆ 11 ಮೀಟರು ಕೂಡುತ್ತದೆ. ಆದುದರಿಂದ ಸಾಧನವು ಕೆಲಸಮಾಡುತ್ತಿರುವಾಗಲೂ ಬಲಗಾಲು ಬ್ರೇಕಿನ ಬಳಿಯಲ್ಲಿಯೇ ಇರತಕ್ಕದ್ದು.

ಒಂದೇ ಹೆದ್ದಾರಿ, ಎರಡು ಬಗೆ

ನಂಜನಗೂಡು, ತಿರುಮಕೂಡಲು ನರಸೀಪುರಗಳೆರಡೂ 766ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲಿವೆ. ಕೋಳಿಕ್ಕೋಡಿನಿಂದ ಬರುವ ಈ ದಾರಿ ಗುಂಡ್ಲುಪೇಟೆ, ನಂಜನಗೂಡುಗಳ ಮೂಲಕ ಮೈಸೂರನ್ನು ಸೇರಿ, ಅಲ್ಲಿಂದ ನರಸೀಪುರದ ಮೇಲೆ ಕೊಳ್ಳೇಗಾಲಕ್ಕೆ ಹೋಗುತ್ತದೆ. ಮೈಸೂರು ಮತ್ತು ನಂಜನಗೂಡುಗಳ ನಡುವೆ ರಸ್ತೆಗೆ ವಿಭಜಕವಿದೆ. ನರಸೀಪುರದ ಕಡೆಗಾದರೋ ಬಹುಭಾಗ ಎದುರುಬದುರು ವಾಹನಗಳು ಒಂದೇ ಹಾದಿಯನ್ನು ಹಂಚಿಕೊಳ್ಳುತ್ತವೆ. 2023ರ ಮೇ 29ರಂದು ನರಸೀಪುರದ ಸಮೀಪ ಕುರುಬೂರಿನ ಬಳಿ ಬಸ್ಸೂ ಕಾರೂ ಮುಖಾಮುಖಿ ಡಿಕ್ಕಿಯಾಗಿ ಹತ್ತು ಮಂದಿ ಮಡಿದರು. ಆ ಅಪಘಾತಕ್ಕೆ ವೇಗಪಾಲಕ ಕಾರಣವೆಂದು ನಾವು ಹೇಳುತ್ತಿಲ್ಲ. ಇಂತಹ ರಸ್ತೆಯಲ್ಲಿ ತಪ್ಪನ್ನು ತಿದ್ದಿಕೊಳ್ಳಲು ಎಷ್ಟು ಅಲ್ಪಾವಕಾಶವಿದೆಯೆಂಬುದನ್ನು ಅದು ತೋರಿಸುತ್ತದೆ.

ಇದಲ್ಲದೆ ಈ ಸೀಮೆಯಲ್ಲಿ ಸುಗ್ಗಿ ಬಂದಿತೆಂದರೆ ರಾಗಿ, ಹುರುಳಿಗಳನ್ನು ರಸ್ತೆಯ ಮೇಲೆಯೇ ಹರಡಿ ಒಕ್ಕುವ ವಾಡಿಕೆಯುಂಟು. ಹುಲ್ಲಿನ ಮೇಲೆ ಟೈರಿನ ಹಿಡಿತ ಕಡಮೆ. ಮಳೆನೀರು ನಿಂತ ರಸ್ತೆಯಲ್ಲಿಯೂ ಹಾಗೆಯೇ. ನೀರಿನ ತಡೆಯಿಂದ ಗಾಡಿ ನಿಧಾನವಾದಾಗ ವೇಗಪಾಲಕವು ಶಕ್ತಿಯನ್ನು ಏರಿಸಲು ಹೋಗಬಹುದು. ಹಿಡಿತವಿಲ್ಲದ ಚಕ್ರ ಆಗ ಸುಮ್ಮನೆ ತಿರುಗಿ ಗಾಡಿ ಜಾರುತ್ತದೆ. ಶ್ರೀಕಂಠೇಶ್ವರನ ದೊಡ್ಡ ಜಾತ್ರೆಗೆ ಭಕ್ತರು ಕಾಲ್ನಡಿಗೆಯಲ್ಲಿ ಬರುವ ದಿನಗಳಲ್ಲಂತೂ ಇದನ್ನು ನಂಜನಗೂಡಿನ ರಸ್ತೆಯಲ್ಲಿಯೂ ಮುಟ್ಟಬಾರದು.

ಇತ್ತೀಚಿನ ಕೆಲವು ಕಾರುಗಳಲ್ಲಿ ರೇಡಾರು ಮುಂದಿನ ವಾಹನದ ದೂರವನ್ನು ಅಳೆದು ವೇಗವನ್ನು ತಾನೇ ತಗ್ಗಿಸುತ್ತದೆ. ಇದು ದೊಡ್ಡ ಮುನ್ನಡೆಯೇ ಸರಿ. ಆದರೆ ನಿಂತಿರುವ ವಾಹನ, ದನಕರು, ಪಾದಚಾರಿಗಳನ್ನು ಇದು ಗುರುತಿಸದೆ ಹೋಗಬಹುದು.

ಸರಿಯಾದ ಬಳಕೆ

ಮೈಸೂರು–ಬೆಂಗಳೂರು ಹೆದ್ದಾರಿಯ ಮುಖ್ಯ ಪಥದಂತೆ, ವಿಭಜಕವಿದ್ದು, ಆಟೋ, ಟ್ರಾಕ್ಟರು, ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲದ ದಾರಿ ಈ ಸಾಧನಕ್ಕೆ ಯೋಗ್ಯವಾದುದು. ಅಲ್ಲಿಯೂ ಸಂಚಾರ ವಿರಳವಾಗಿ, ರಸ್ತೆ ಒಣಗಿ, ಚಾಲಕನು ಎಚ್ಚರವಾಗಿರಬೇಕು. ತೂಕಡಿಕೆ ಬಂದರೆ ಗಾಡಿಯನ್ನು ನಿಲ್ಲಿಸಬೇಕಲ್ಲದೆ ಗುಂಡಿಯನ್ನು ಒತ್ತಬಾರದು. ಊರು, ತಿರುವು, ಉಬ್ಬು ಕಂಡೊಡನೆ ಬ್ರೇಕನ್ನೊತ್ತಿ ಸಾಧನವನ್ನು ಬಿಡಿಸಬೇಕು. ಊರೊಳಗೆ ನಿಧಾನವಾಗಿದ್ದಾಗ ‘ರೆಸ್ಯೂಮ್’ ಗುಂಡಿಯನ್ನು ಒತ್ತಿದರೆ ಗಾಡಿ ಹಳೆಯ ವೇಗಕ್ಕೆ ಧಾವಿಸುತ್ತದೆಂಬುದನ್ನು ಮರೆಯಬಾರದು. ಇಳಿಜಾರಿನಲ್ಲಿ ಸರಳ ವೇಗಪಾಲಕವು ಬ್ರೇಕು ಹಾಕಲಾರದೆ ವೇಗ ಮಿತಿಮೀರಬಹುದು.

ಇಂಧನದ ಉಳಿತಾಯವೂ ವೇಗದ ಆಯ್ಕೆಯನ್ನು ಅವಲಂಬಿಸಿದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣ. 80ರ ಬದಲು 100ರಲ್ಲಿ ಹೋದರೆ ಆ ತಡೆ ಸುಮಾರು ಒಂದೂವರೆ ಪಟ್ಟಾಗುತ್ತದೆ. ಏರಿಳಿತಗಳ ದಾರಿಯಲ್ಲಿ ಏರಿನಲ್ಲಿ ವೇಗವನ್ನು ತುಸು ಬಿಟ್ಟುಕೊಟ್ಟು ಇಳಿಜಾರಿನಲ್ಲಿ ಮರಳಿ ಪಡೆಯುವ ನುರಿತ ಚಾಲಕನು ಸರಳ ಯಂತ್ರಕ್ಕಿಂತ ಮಿತವ್ಯಯಿಯಾಗಬಲ್ಲನು.

ಯಂತ್ರವು ನಮ್ಮ ಕಾಲಿನ ಆಯಾಸವನ್ನು ತೆಗೆದುಕೊಳ್ಳುತ್ತದೆ, ನಮ್ಮ ಹೊಣೆಯನ್ನಲ್ಲ.

ಅಭ್ಯಾಸ: ಮೇಲಿನ ಕ್ರಮದಂತೆಯೇ ಗಂಟೆಗೆ 100 ಕಿಲೋಮೀಟರು ವೇಗದ ಗಾಡಿ ನಿಲ್ಲಲು ಬೇಕಾಗುವ ದೂರವೆಷ್ಟು? ರಸ್ತೆ ಒದ್ದೆಯಾಗಿ, ವೇಗವು ಸೆಕೆಂಡಿಗೆ 4 ಮೀಟರಿನಂತೆ ಮಾತ್ರ ಕುಗ್ಗಿದರೆ ಎಷ್ಟು? (ಉತ್ತರ: ಸುಮಾರು 97 ಮೀಟರು, ಸುಮಾರು 138 ಮೀಟರು.)