ಅಂಕಿತ ಕಳೆದುಕೊಂಡ ಹಾಡು

ಹೋದ ಸೆಮಿಸ್ಟರ್ ರಜೆಯಲ್ಲಿ ನಾವು ನಾಲ್ಕು ಜನ ಸಿಂಧನೂರಿನಿಂದ ಲಿಂಗಸುಗೂರಿಗೆ ಹೊರಟವರು, ಮಸ್ಕಿ ಹತ್ತಿರದ ಒಂದು ಹಳ್ಳಿಯಲ್ಲಿ ಇಳಿದಿದ್ವಿ. ಗುಡಿ ಕಟ್ಟೆಯ ಮೇಲೆ ಅಜ್ಜಿಯೊಬ್ಬರು ಗೋಪಾಲದಾಸರ ಪದ ಹಾಡುತ್ತಿದ್ದರು. ರೆಕಾರ್ಡ್ ಮಾಡಿಕೊಂಡು, ಚಂದ ಕೇಳಿದ ಮೂವತ್ತು ಸೆಕೆಂಡ್ ಕತ್ತರಿಸಿ ರೀಲ್ ಹಾಕಿದ್ವಿ. ಚೆನ್ನಾಗಿಯೇ ಓಡಿತು. ‘ಯಾವ ಹಾಡು?’ ಅಂತ ಬಹಳ ಮಂದಿ ಕೇಳಿದರು. ‘ಹಾಡಿದವರು ಯಾರು?’ ಅಂತ ಕೇಳಿದವರು ಒಬ್ಬರೇ. ಉತ್ತರ ನಮ್ಮ ಹತ್ತಿರ ಇರಲಿಲ್ಲ. ಅಜ್ಜಿಯ ಹೆಸರನ್ನೇ ನಾವು ಕೇಳಿರಲಿಲ್ಲ!

ಇವತ್ತು ಹಾಡು ಓಡ್ತದೆ, ಹಾಡಿದವರು ಯಾಕೆ ಉಳಿಯಂಗಿಲ್ಲ?

ಮೊದಲನೆಯ ಕಾರಣ, ಗದ್ದಲ. ಹಿಂದೆ ಬಾಗಿಲು ಕಿರಿದಾಗಿತ್ತು. ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷ ಮಾತ್ರ. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯಲ್ಲಿ ಹಾಡಬೇಕಾದರೆ ಧ್ವನಿಪರೀಕ್ಷೆ ದಾಟಬೇಕಿತ್ತು. ಎಷ್ಟೋ ಒಳ್ಳೆಯ ಕಂಠಗಳು ಹೊರಗೇ ಉಳಿದವು, ಅದು ಅನ್ಯಾಯವೇ. ಆದರೆ ಒಳಗೆ ಹೋದವರನ್ನು ಜನ ಮತ್ತೆ ಮತ್ತೆ ಕೇಳಿದರು. ಈಗ ಬಾಗಿಲೇ ಇಲ್ಲ. ಲುಮಿನೇಟ್ ಸಂಸ್ಥೆಯ ಲೆಕ್ಕದಂತೆ 2023ರಲ್ಲಿ ದಿನಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಹೊಸ ಟ್ರ್ಯಾಕ್‌ಗಳು ಬರುತ್ತಿದ್ದವು. ಇವತ್ತಿನ ಹಾಡನ್ನು ನಾಳೆಯ ಹಾಡು ಮುಚ್ಚಿಬಿಡ್ತದೆ.

ಎರಡನೆಯದು, ಕತ್ತರಿ. ಸ್ಪಾಟಿಫೈಯಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಲೆಕ್ಕ. ಹಿಂದಿನ 12 ತಿಂಗಳಲ್ಲಿ ಇಂಥ 1000 ಲೆಕ್ಕ ಆಗದ ಟ್ರ್ಯಾಕಿಗೆ 2024ರಿಂದ ಗೌರವಧನವಿಲ್ಲ. ಹಾಗಾಗಿ ಹಾಡು ಮೊದಲ ಕ್ಷಣದಲ್ಲೇ ಹಿಡಿಯಬೇಕು. ರೀಲಿಗೆ ಪಲ್ಲವಿ ಇದ್ದರೆ ಸಾಕು. ಆದರೆ ನಮ್ಮ ಜಿಲ್ಲೆಯ ದಾಸರನ್ನು ನೆನೆಯಿರಿ: ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು. ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಎಂಬ ಅವರ ಅಂಕಿತ ಬರುವುದು ಸಾಮಾನ್ಯವಾಗಿ ಕೊನೆಯ ನುಡಿಯಲ್ಲಿ. ಎರಡು ಶತಮಾನ ದಾಟಿದರೂ ಯಾರ ಪದ ಅಂತ ಹೇಳ್ತೇವಲ್ಲ, ಅದು ಅಂಕಿತದ ಶಕ್ತಿ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಫೈಲಿನೊಳಗೇ ಹೊಲಿದ ಮೆಟಾಡೇಟಾ. ನಾವು ರೀಲ್ ಮಾಡುವಾಗ ಕತ್ತರಿಸಿ ಎಸೆದದ್ದು ಅದನ್ನೇ.

ಅಂಕಿತ ರಚಿಸಿದವರದು. ಹಾಡಿದವರ ಹೆಸರು ಉಳಿಸುತ್ತಿದ್ದವರು ಯಾರು? ರೇಡಿಯೋ ಉದ್ಘೋಷಕರು. ಹಾಡಿನ ಜೊತೆಗೆ ಸಿದ್ದರಾಮ ಜಂಬಲದಿನ್ನಿ ಅಂತ ಹೆಸರೂ ಕಿವಿಗೆ ಬೀಳುತ್ತಿತ್ತು. ಇಂದು ರಾಯಚೂರಿನ ರಂಗಮಂದಿರಕ್ಕೆ ಅವರ ಹೆಸರೇ ಇದೆ. ರೀಲಿಗೆ ಉದ್ಘೋಷಕರಿಲ್ಲ.

ಮೂರನೆಯದು, ಒಂಟಿ ಕಿವಿ. ಲಿಂಗಸುಗೂರು ತಾಲೂಕಿನ ಮುದಗಲ್ ಮೊಹರಂ ನೋಡಿದವರಿಗೆ ಗೊತ್ತು, ಅಲ್ಲಿ ಹಾಡು ಕೇಳುವುದು ಗುಂಪಿನಲ್ಲಿ. ಭಜನೆಯಲ್ಲೂ ಅಷ್ಟೇ: ಒಬ್ಬರು ಹೇಳ್ತಾರೆ, ಹತ್ತು ಜನ ಮರುಹಾಡ್ತಾರೆ. ಒಬ್ಬರು ಮರೆತರೆ ಇನ್ನೊಬ್ಬರಿಗೆ ನೆನಪಿರ್ತದೆ. ನಮ್ಮ ಇಯರ್‌ಫೋನಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹಾಡು. ಮರೆತರೆ ನೆನಪಿಸುವವರಿಲ್ಲ.

ಮಸ್ಕಿಯ ಬಂಡೆಯನ್ನೂ ಮರೆಯಬಾರದು. 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಚಿನ್ನ ಹುಡುಕುತ್ತಾ ಆ ಶಾಸನ ಕಂಡರು. ಅದಕ್ಕೆ ಮುಂಚೆ ಸಿಕ್ಕ ಶಾಸನಗಳಲ್ಲಿ ‘ದೇವಾನಂಪಿಯ’, ‘ಪಿಯದಸಿ’ ಎಂಬ ಬಿರುದುಗಳಷ್ಟೇ ಇದ್ದವು. ಇಲ್ಲಿ ಅಶೋಕ ಎಂಬ ಹೆಸರೇ ಇತ್ತು. ಆ ಬಿರುದು ಯಾರದೆಂಬುದು ಖಚಿತವಾಯಿತು. ಚಕ್ರವರ್ತಿಗೂ ಹೆಸರು ಬರೆದಿಡುವವರು ಬೇಕಾಯಿತು, ಅಜ್ಜಿಗೆ ಬೇಡವೇ?

ಮತ್ತೆ ಹೋದ್ವಿ. ರೀಲ್ ತೋರಿಸಿ, ಹೆಸರು ಹಾಕಬಹುದಾ ಅಂತ ಕೇಳಿದ್ವಿ. ಅಜ್ಜಿ ಪೂರ್ತಿ ನೋಡಿ ಅಂದರು: “ದಾಸರ ಹೆಸರು ಬರೋಕಿಂತ ಮೊದಲೇ ಮುಗಿಸೀರಲ್ಲೋ ತಮ್ಮಾ. ಮೊದಲು ಅವರ್ದು ಹಾಕ್ರಿ, ಆಮೇಲೆ ನಂದು.”

ಆ ರೀಲ್ ತೆಗೆದಿದ್ದೇವೆ. ಈಗ ಪೂರ್ತಿ ಪದ ಇದೆ, ಏಳು ನಿಮಿಷ. ಕೇಳಿದವರು ಕಡಿಮೆ. ಆದರೆ ಕೊನೆಯವರೆಗೆ ಕೇಳಿದವರಿಗೆ ಎರಡೂ ಹೆಸರು ಸಿಗ್ತಾವೆ.